ಜಾನಕಮ್ಮನ ಅಳತೆಗೆ ಒಂದು ಸ್ಕ್ಯಾನು

ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂರುವ ಹಿರಿಯರು ಯಾರ ಮನೆಯಲ್ಲಿಲ್ಲ ಹೇಳಿ? ಒಂದು ದಿನ ಓಮದ ಕಷಾಯ, ಇನ್ನೊಂದು ದಿನ ಇಂಗು ಹಾಕಿದ ಮಜ್ಜಿಗೆ. ಅದಕ್ಕೂ ಬಗ್ಗದಿದ್ದರೆ "ವಯಸ್ಸಾಯ್ತಲ್ಲ" ಅನ್ನುವ ಒಂದು ಮಾತು. ಆ ಮಾತಿನಿಂದ ನೋವೇನೂ ಹೋಗುವುದಿಲ್ಲ, ಹೇಳಿದವರಿಗೆ ಮಾತ್ರ ಸಮಾಧಾನವಾಗುತ್ತದೆ.

ಬಸವನಗುಡಿಯ ಜಾನಕಮ್ಮನ ಮನೆಯಲ್ಲೂ ಹೀಗೇ ಕೆಲವು ತಿಂಗಳು ಕಳೆದುಹೋದವು. ಜಾನಕಮ್ಮನಿಗೆ ಎಪ್ಪತ್ತೈದು ದಾಟಿದೆ. ಮಡಿ, ಪೂಜೆ, ಏಕಾದಶಿ ಯಾವುದನ್ನೂ ಬಿಟ್ಟವರಲ್ಲ. ಇವತ್ತಿಗೂ ಉಡುವುದು ಕಚ್ಚೆ ಸೀರೆಯೇ. ಒಬ್ಬನೇ ಮಗ ಶ್ರೀಹರಿ, ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಸೊಸೆ ಆರಾಧನಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ.

ಶ್ರೀಹರಿ ಒಳ್ಳೆಯವನೇ. ಅಮ್ಮನೆಂದರೆ ಪ್ರಾಣ. ಆದರೆ ಅವನಿಗೊಂದು ಚಾಳಿ ಇತ್ತು. ಪಾಠ ಮಾಡುವಾಗ ಪ್ರಶ್ನೆ ಕೇಳಿ, ಹುಡುಗರು ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಹೇಳಿಬಿಡುತ್ತಿದ್ದ. ಮನೆಯಲ್ಲೂ ಅಷ್ಟೇ. "ಅಮ್ಮ, ಊಟ ಆಯ್ತಾ? ಆಗಿರುತ್ತೆ ಬಿಡು" ಅನ್ನುತ್ತ ಫೋನು ನೋಡಿಕೊಂಡು ಒಳಗೆ ಹೋಗುತ್ತಿದ್ದ. ಜಾನಕಮ್ಮ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಉಣ್ಣುವವರು. ಅವರ ಎಲೆಗೆ ಎಷ್ಟು ಅನ್ನ ಬಿತ್ತು, ಅದರಲ್ಲಿ ಎಷ್ಟು ಹೊಟ್ಟೆಗೆ ಹೋಯಿತು ಎಂದು ನೋಡಿದವರು ಯಾರೂ ಇಲ್ಲ.

ಒಂದು ಮಧ್ಯಾಹ್ನ ನೋವು ತಡೆಯಲಾರದೆ ಜಾನಕಮ್ಮ ಒಲೆಯ ಮುಂದೆಯೇ ಕುಸಿದು ಕೂತರು. ಆಗ ಮನೆಯವರಿಗೆ ಗಾಬರಿಯಾಯಿತು. ಮನೆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ತಿಂದ ಮೇಲೇನೇ ನೋವು ಬರುತ್ತೆ ಅಂದ್ರೆ ಕರುಳಿಗೆ ರಕ್ತ ಸರಿಯಾಗಿ ಹೋಗ್ತಿದೆಯಾ ನೋಡ್ಬೇಕು. ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡ್ಸಿ. ಅದಕ್ಕೆ ಮುಂಚೆ ಕಿಡ್ನಿದೊಂದು ರಕ್ತಪರೀಕ್ಷೆ ಆಗ್ಲಿ" ಎಂದರು. ಕಾಂಟ್ರಾಸ್ಟ್ ಅಂದರೆ ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣಲಿ ಎಂದು ಕೈಗೆ ಚುಚ್ಚುವ ಔಷಧಿ.

ಶ್ರೀಹರಿ ಸ್ಕ್ಯಾನ್ ಸೆಂಟರಿಗೆ ಫೋನು ಮಾಡಿದ. ಅವರು ಹೇಳಿದ್ದು ಇಷ್ಟು: ಬರುವ ಮುಂಚೆ ಕೆಲವು ಗಂಟೆ ತಿಂಡಿ ಬೇಡ, ನೀರು ಮಾತ್ರ ಚೆನ್ನಾಗಿ ಕುಡಿಸಿ. ಹೆಂಡತಿಗೆ ಎರಡನ್ನೂ ಹೇಳಿದ, ಆದರೆ ಅವನ ಮನಸ್ಸಿಗೆ ಹತ್ತಿದ್ದು ತಿಂಡಿ ಬೇಡ ಅನ್ನುವ ಅರ್ಧ ಮಾತ್ರ. ಪಂಚಾಂಗ ನೋಡಿದ, ಗುರುವಾರ ಏಕಾದಶಿ. ಅವನಿಗೆ ಖುಷಿಯೋ ಖುಷಿ.

"ಹೇಗಿದ್ರೂ ಅವತ್ತು ಅಮ್ಮ ಉಪವಾಸ. ಅವತ್ತೇ ಮಾಡ್ಸಿಬಿಟ್ರೆ ಎರಡೂ ಕೆಲಸ ಒಟ್ಟಿಗೇ ಆಗುತ್ತೆ ನೋಡು!" ಎಂದು ಹೆಂಡತಿಯ ಮುಂದೆ ಬೀಗಿದ.

"ನೀರು ಕುಡೀಬೇಕು ಅಂದ್ರಂತಲ್ರೀ? ಅತ್ತೆ ಏಕಾದಶಿ ದಿನ ಹನಿ ನೀರೂ ಮುಟ್ಟಲ್ಲ."

"ಅವೆಲ್ಲ ಎಲ್ಲರಿಗೂ ಹೇಳೋ ಮಾತು ಕಣೇ. ಅರ್ಧ ಗಂಟೆ ಕೆಲಸ. ಒಂದಿನ ನೀರು ಕುಡೀದಿದ್ರೆ ಏನಾಗುತ್ತೆ?"

ರಕ್ತಪರೀಕ್ಷೆಯನ್ನೂ ಅವನೇ ಹಾರಿಸಿಬಿಟ್ಟ. ಹೋದ ವರ್ಷ ಮಾಡಿಸಿದ ರಿಪೋರ್ಟು ಫೋನಿನಲ್ಲೇ ಇತ್ತು, ಅದರಲ್ಲಿ ಎಲ್ಲ ಸರಿಯಿತ್ತು. ಮತ್ತೆ ಮತ್ತೆ ಆ ಮುದುಕಿಗೆ ಸೂಜಿ ಚುಚ್ಚಿಸುವುದೇಕೆ ಎಂಬ ಕನಿಕರ ಅವನದು. ಕನಿಕರವೂ ಕೆಲವು ಸಲ ಸೋಮಾರಿತನದ ಜೊತೆಗೇ ಬರುತ್ತದೆ.

ಪಕ್ಕದ ಮನೆಯ ಚಕ್ರಪಾಣಿಯವರು ಧೈರ್ಯ ತುಂಬಿದರು. ಅವರದು ಆನೆಯಂಥ ಮೈಕಟ್ಟು. ಹೋದ ತಿಂಗಳಷ್ಟೇ ಅವರಿಗೂ ಇದೇ ಸ್ಕ್ಯಾನ್ ಆಗಿತ್ತು. "ಏನೂ ಇಲ್ಲ ಹರಿ, ಇಂಜೆಕ್ಷನ್ ಹೋಗ್ತಿದ್ದ ಹಾಗೆ ಮೈಯೆಲ್ಲ ಒಂದ್ಸಲ ಬಿಸಿ ಆಗುತ್ತೆ, ಅಷ್ಟೇ. ನನಗೆ ಫುಲ್ ಡೋಸ್ ಹಾಕಿದ್ರು. ಚಿತ್ರ ಹಾಗೆ ಬಂತು, ಹೀಗೆ ಬಂತು ಅಂತ ಡಾಕ್ಟ್ರೇ ಹೊಗಳಿದ್ರು. ಅಮ್ಮಂಗೂ ಕಮ್ಮಿ ಹಾಕೋಕೆ ಬಿಡಬೇಡ" ಎಂದರು.

ಗುರುವಾರ ಬೆಳಿಗ್ಗೆ ಅಮ್ಮ ಮಗ ಇಬ್ಬರೂ ಆಟೋದಲ್ಲಿ ಸ್ಕ್ಯಾನ್ ಸೆಂಟರಿಗೆ ಬಂದರು. ಜಾನಕಮ್ಮ ಹಿಂದಿನ ದಿನ, ದಶಮಿಯಂದು, ಒಪ್ಪೊತ್ತು ಮಾಡಿದವರು. ಸಂಜೆಯಿಂದ ಬಾಯಿಗೆ ನೀರೂ ಬಿದ್ದಿರಲಿಲ್ಲ. ತುಟಿ ಒಣಗಿತ್ತು. ಆದರೂ ಮಗ ರಜೆ ಹಾಕಿ ಬಂದಿದ್ದಾನೆ ಎಂಬ ಸಂಕೋಚಕ್ಕೆ ತುಟಿಪಿಟಕ್ಕೆನ್ನದೆ ಕೂತಿದ್ದರು.

ಟೆಕ್ನೀಷಿಯನ್ ಮುತ್ತುರಾಜ್ ಬಂದು ಜಾನಕಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, "ಅಮ್ಮ, ನಿಮ್ಮ ತೂಕ ಎಷ್ಟು?" ಎಂದು ಕೇಳಿದ.

"ಐವತ್ತೆಂಟು," ಎಂದ ಶ್ರೀಹರಿ.

"ಒಂದ್ಸಲ ಆ ತೂಕದ ಮಷೀನ್ ಮೇಲೆ ನಿಲ್ಲಿಸಿಬಿಡೋಣ ಸಾರ್."

"ಮಂಡಿ ನೋವು ಕಣಪ್ಪ ಅವರಿಗೆ. ಹತ್ತಿಸೋದು ಇಳಿಸೋದು ಯಾಕೆ? ಹೇಳಿದ್ನಲ್ಲ ಐವತ್ತೆಂಟು ಅಂತ."

"ಮಂಡಿ ನೋವಿಗೆ ಏನಾದ್ರೂ ಮಾತ್ರೆ ತಗೋತಾರಾ?"

"ಇಲ್ಲ ಇಲ್ಲ. ಯಾವ ಔಷಧೀನೂ ಇಲ್ಲ."

ಜಾನಕಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶ್ರೀಹರಿ, "ಶುಗರ್ ಇಲ್ಲ, ಬಿಪಿ ಇಲ್ಲ, ಕಿಡ್ನಿ ಚೆನ್ನಾಗಿದೆ. ನಮ್ಮಮ್ಮನ ಬಗ್ಗೆ ನನಗೆ ಗೊತ್ತಿಲ್ದೇ ಇರೋದೇನಿದೆ?" ಎಂದ.

"ಬೆಳಿಗ್ಗೆಯಿಂದ ನೀರು ಕುಡಿದಿದಾರಾ ಸಾರ್?"

ಶ್ರೀಹರಿ ಲೆಕ್ಕ ಹಾಕಿದ. ಇಲ್ಲವೆಂದರೆ ಇನ್ನೊಂದು ದಿನ ಬನ್ನಿ ಅನ್ನುತ್ತಾರೆ, ಇನ್ನೊಂದು ರಜೆ ಹೋಗುತ್ತದೆ. "ಹ್ಞೂ, ಚೆನ್ನಾಗಿ ಕುಡಿದಿದಾರೆ," ಎಂದುಬಿಟ್ಟ. ಅಮ್ಮ ತನ್ನ ಕಡೆ ತಿರುಗಿ ನೋಡಿದ್ದು ಕಣ್ಣಂಚಿಗೆ ಬಿತ್ತು. ಅವನು ಗೋಡೆ ನೋಡುತ್ತ ಫೋನಿನಲ್ಲಿದ್ದ ರಿಪೋರ್ಟನ್ನು ಮುತ್ತುರಾಜನ ಮುಂದೆ ಹಿಡಿದ.

"ಬ್ಲಡ್ ರಿಪೋರ್ಟ್ ಹೋದ ವರ್ಷದ್ದು ಸಾರ್ ಇದು. ನಮ್ಮ ಡಾಕ್ಟರನ್ನ ಕೇಳದೆ ಮುಂದಕ್ಕೆ ಹೋಗೋಕಾಗಲ್ಲ. ಅಮ್ಮ ಅಷ್ಟರಲ್ಲಿ ಗೌನ್ ಹಾಕ್ಕೊಂಡಿರ್ಲಿ."

"ಕೇಳಿ, ಕೇಳಿ. ಹಾಗೇ ಅವರಿಗೆ ಹೇಳಿ, ನಮ್ಮ ಚಕ್ರಪಾಣಿಯವರಿಗೆ ಎಷ್ಟು ಹಾಕಿದ್ರೋ ಅಷ್ಟೇ ಹಾಕ್ಬೇಕು. ಕಮ್ಮಿ ಮಾಡೋದು ಬೇಡ," ಎಂದು ಶ್ರೀಹರಿ ಕೂತವರಿಗೆಲ್ಲ ಕೇಳಿಸುವಂತೆ ಹೇಳಿದ. ಎದುರಿನ ಬೆಂಚಿನಲ್ಲಿದ್ದ ಒಬ್ಬರು ಈ ಮನುಷ್ಯನಿಗೆ ಎಲ್ಲ ಗೊತ್ತಿದೆ ಎಂಬಂತೆ ತಲೆದೂಗಿದರು. ಶ್ರೀಹರಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ.

ಸ್ವಲ್ಪ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ತೆರೆಯಿತು. ಹಸಿರು ಗೌನು ತೊಟ್ಟ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಡ್ಡಿಯಂಥ ತೋಳು, ಎದ್ದು ಕಾಣುವ ಕೊರಳ ಮೂಳೆ. ಪಾಪ, ಯಾರ ಮನೆಯವರೋ ಎಂದುಕೊಂಡು ಶ್ರೀಹರಿ ದಾರಿ ಬಿಡಲು ಕಾಲು ಹಿಂದಕ್ಕೆ ಎಳೆದುಕೊಂಡ.

"ಹರೀ, ನನ್ನ ಸೀರೆ ಎಲ್ಲಿಡ್ಲೋ?" ಎಂದರು ಆ ಮುದುಕಿ.

ಶ್ರೀಹರಿ ದಡಕ್ಕನೆ ಎದ್ದು ನಿಂತ. ಅಮ್ಮ! ಸುತ್ತಿ ಸುತ್ತಿ ಉಟ್ಟ ಕಚ್ಚೆ ಸೀರೆಯೊಳಗೆ ಇಷ್ಟು ದಿನ ಅಮ್ಮ ಹಾಗೇ ಇದ್ದಾರೆ ಎಂದುಕೊಂಡಿದ್ದ. ಸೀರೆ ಹಾಗೇ ಇತ್ತು, ಒಳಗಿನ ಅಮ್ಮ ಕರಗಿಹೋಗಿದ್ದರು. ಒಂದೇ ಸೂರಿನಡಿ ಇದ್ದುಕೊಂಡು, ದಿನಾ ಅವರು ಬಡಿಸಿದ್ದನ್ನು ಉಂಡುಕೊಂಡು, ಹೆತ್ತ ತಾಯಿಯನ್ನೇ ಬೇರೆ ಯಾರೋ ಪೇಶೆಂಟು ಅಂದುಕೊಂಡಿದ್ದ. ಅವನಿಗೆ ಮೈಯೆಲ್ಲ ಹಿಡಿಯಷ್ಟಾದಂತಾಯಿತು.

ಜಾನಕಮ್ಮನಿಗೆ ಅವರದೇ ನಾಚಿಕೆ. ಹತ್ತಾರು ಜನರ ಮುಂದೆ ಸೀರೆಯಿಲ್ಲದೆ ನಿಂತು ಅಭ್ಯಾಸವಿಲ್ಲ. ಗೌನಿನ ಅಂಚನ್ನು ಮೊಣಕಾಲಿಗೆ ಎಳೆದುಕೊಳ್ಳುತ್ತ ಕುಗ್ಗಿ ನಿಂತಿದ್ದರು. ಅಷ್ಟರಲ್ಲಿ ಮುತ್ತುರಾಜನ ಜೊತೆ ಸ್ಕ್ಯಾನ್ ನೋಡುವ ಡಾಕ್ಟರು ಹೇಮಶ್ರೀ ಬಂದರು. ಬಂದವರೇ ಒಂದು ಹೊದಿಕೆ ತರಿಸಿ ಜಾನಕಮ್ಮನ ಹೆಗಲಿಗೆ ಹೊದಿಸಿದರು. ಆಮೇಲೆ ಶ್ರೀಹರಿಯ ಕಡೆ ನೋಡಿ, "ಐವತ್ತೆಂಟು ಕೆಜಿ ಅಂದೋರು ನೀವೇನಾ?" ಎಂದರು.

ಜಾನಕಮ್ಮನನ್ನು ಮೆಲ್ಲಗೆ ತೂಕದ ಮಷೀನಿನ ಮೇಲೆ ನಿಲ್ಲಿಸಿದರು. ನಲವತ್ತೊಂದು.

"ಅಮ್ಮ, ಮಂಡಿ ನೋವಿಗೆ ಏನೂ ತಗೊಳ್ಳಲ್ವಾ?"

"ಅದೇನು ಔಷಧಿ ಬಿಡಮ್ಮ. ಮೆಡಿಕಲ್ ಸ್ಟೋರಲ್ಲಿ ಕೊಡೋ ಸಾದಾ ನೋವಿನ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅದಿಲ್ದಿದ್ರೆ ಒಲೆ ಮುಂದೆ ನಿಲ್ಲೋಕಾಗಲ್ಲ."

ಆ ಮಾತ್ರೆಯನ್ನು ತಿಂಗಳು ತಿಂಗಳು ಗಾಂಧಿ ಬಜಾರಿನಿಂದ ತಂದುಕೊಡುತ್ತಿದ್ದವನು ಶ್ರೀಹರಿಯೇ. ಅದನ್ನು ಔಷಧಿಯ ಲೆಕ್ಕಕ್ಕೆ ಹಿಡಿಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಬೆಳಿಗ್ಗೆಯಿಂದ ನೀರು ಕುಡಿದ್ರಾ ಅಮ್ಮ?"

ಏಕಾದಶಿಯ ದಿನ ಸುಳ್ಳು ಹೇಳುವುದುಂಟೆ? ನಿಜ ಹೇಳಿದರೆ ಇಷ್ಟು ಜನರ ಮುಂದೆ ಮಗನ ಮರ್ಯಾದೆ ಹೋಗುತ್ತದೆ. ಜಾನಕಮ್ಮ ನೆಲ ನೋಡುತ್ತ, "ಹರಿ ಹೇಳಿದಾನಲ್ಲಮ್ಮ. ಅವನು ಹೇಳಿದ್ಮೇಲೆ ಆಯ್ತು" ಎಂದರು.

ಆ ಮಾತು ಶ್ರೀಹರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬಾಯಾರಿ ನಿಲ್ಲಲಾರದೆ ನಿಂತ ಮುದುಕಿ ಮಗನ ಸುಳ್ಳನ್ನು ಕಾಪಾಡುತ್ತಿದ್ದರು. ಎದುರು ಬೆಂಚಿನವರು, ಆಗ ತಲೆದೂಗಿದವರು, ಈಗ ಅವನನ್ನೇ ನೋಡುತ್ತಿದ್ದರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದ.

"ಇಲ್ಲ ಡಾಕ್ಟ್ರೇ," ಎಂದ. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿ ಈಗ ಎದುರಿಗಿದ್ದವರಿಗಷ್ಟೇ ಕೇಳಿಸಿತು. "ಸುಳ್ಳು ಹೇಳಿದೆ. ನಿನ್ನೆ ಸಂಜೆಯಿಂದ ಅಮ್ಮ ಹನಿ ನೀರು ಕುಡಿದಿಲ್ಲ. ಏಕಾದಶಿ. ದಿನ ಗೊತ್ತು ಮಾಡಿದ್ದೂ ನಾನೇ."

ಹೇಮಶ್ರೀ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರನ್ನೂ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು.

"ನೋಡಿ ಸಾರ್, ಕಾಂಟ್ರಾಸ್ಟ್ ಔಷಧಿ ತನ್ನ ಕೆಲಸ ಮುಗಿಸಿ ಕಿಡ್ನಿ ಮೂಲಕಾನೇ ಹೊರಗೆ ಹೋಗ್ಬೇಕು. ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ, ದಿನಾ ಎಷ್ಟೋ ಜನಕ್ಕೆ ಕೊಡ್ತೀವಿ. ಆದ್ರೆ ಮೈಯಲ್ಲಿ ನೀರಿಲ್ಲ, ದಿನಾ ಎರಡು ನೋವಿನ ಮಾತ್ರೆ ತಿಂದು ಕಿಡ್ನಿ ಸುಸ್ತಾಗಿದೆ ಅಂದ್ಕೊಳ್ಳಿ. ಅದರ ಮೇಲೆ ಇವರ ತೂಕಕ್ಕೆ ಮೀರಿದ ಔಷಧಿ ಹೋದ್ರೆ? ಕಿಡ್ನಿ ಕೈಕೊಡಬಹುದು. ಆಮೇಲೆ ನೀವೂ ನಾನೂ ಅತ್ತರೆ ಬರುತ್ತಾ?"

"ಚಕ್ರಪಾಣಿಯವರಿಗೆ..."

"ಅವರ ತೂಕ ಎಷ್ಟಿದೆ?"

"ತೊಂಬತ್ತರ ಮೇಲಿರಬಹುದು."

"ಅವರ ಕನ್ನಡಕ ತಂದು ಅಮ್ಮಂಗೆ ಹಾಕ್ತೀರಾ? ಇಲ್ಲ ಅಲ್ವಾ? ಇದೂ ಹಾಗೇ. ದಪ್ಪ ಮೈಯವರ ಒಳಗಿಂದ ಚಿತ್ರ ಬರಬೇಕಾದ್ರೆ ಎಕ್ಸ್‌ರೇ ಕಿರಣ ಜಾಸ್ತಿ ಬೇಕು. ಸಣ್ಣ ಮೈಯವರಿಗೆ ಕಮ್ಮಿ ಸಾಕು. ಅಷ್ಟೇ ಅಲ್ಲ, ಅಮ್ಮನಂಥವರಿಗೆ ಕಿರಣದ ಶಕ್ತಿ ಇಳಿಸಿದ್ರೆ ಆ ಔಷಧಿ ಇನ್ನೂ ಬೆಳ್ಳಗೆ ಎದ್ದು ಕಾಣುತ್ತೆ. ಆಗ ಔಷಧೀನೂ ಕಮ್ಮಿ ಸಾಕಾಗುತ್ತೆ. ಕಮ್ಮಿ ಹಾಕಿದ್ರೆ ಮೋಸ, ಜಾಸ್ತಿ ಹಾಕಿದ್ರೆ ಲಾಭ ಅಂತ ಇಲ್ಲ ಇದರಲ್ಲಿ. ಅವರವರ ಅಳತೆಗೆ ಮಷೀನ್ ಹೊಂದಿಸ್ತೀವಿ. ಆ ಅಳತೇನೇ ತಪ್ಪು ಹೇಳಿದ್ರೆ ನಾವು ಏನು ಮಾಡೋದು?"

"ಹಾಗಾದ್ರೆ ಇಂಜೆಕ್ಷನ್ನೇ ಬೇಡ. ಹಾಗೇ ಸ್ಕ್ಯಾನ್ ಮಾಡಿಬಿಡಿ," ಎಂದ ಶ್ರೀಹರಿ, ಈಗ ಭಯದಿಂದ.

"ಅದೂ ತಪ್ಪೇ. ತಿಂದ್ರೆ ನೋವು, ಇಷ್ಟೊಂದು ತೂಕ ಇಳಿದಿದೆ. ನಾವು ನೋಡ್ಬೇಕಾಗಿರೋದು ರಕ್ತನಾಳಗಳನ್ನ. ಕಾಂಟ್ರಾಸ್ಟ್ ಇಲ್ದೆ ಅವು ಸರಿಯಾಗಿ ಕಾಣಲ್ಲ. ಸ್ಕ್ಯಾನ್ ಬೇಕೇ ಬೇಕು. ಇವತ್ತು ರಕ್ತ ಕೊಟ್ಟು ಹೋಗಿ. ಕಿಡ್ನಿ ಹೇಗಿದೆ ನೋಡ್ಕೊಂಡು, ನಿಮ್ಮ ಡಾಕ್ಟರ ಜೊತೆ ಮಾತಾಡಿ ದಿನ ಹೇಳ್ತೀನಿ. ನೋವು ಒಂದೇ ಸಮ ನಿಂತ್ರೆ, ವಾಂತಿ ಆದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಈಗ ಮೊದಲು ಅಮ್ಮ ನೀರು ಕುಡೀಲಿ."

ಜಾನಕಮ್ಮ ತಲೆ ಅಲ್ಲಾಡಿಸಿದರು. "ನಾಳೆ ಪಾರಣೆ ಆಗ್ಲಿ ತಾಯಿ. ಇಷ್ಟು ವರ್ಷ ಒಂದ್ಸಲಾನೂ ಬಿಟ್ಟಿಲ್ಲ."

ರಕ್ತ ಕೊಟ್ಟು ಇಬ್ಬರೂ ಮನೆಗೆ ಹೊರಟರು. ಆಟೋದಲ್ಲಿ ಶ್ರೀಹರಿ ಅಮ್ಮನ ಮಣಿಕಟ್ಟು ಹಿಡಿದುಕೊಂಡಿದ್ದ. ಅವನ ಹೆಬ್ಬೆರಳು ತೋರುಬೆರಳು ಸುತ್ತಿ ಒಂದರ ಮೇಲೊಂದು ಬರುತ್ತಿದ್ದವು. ಹಿಡಿದಿರಲೂ ಆಗದು, ಬಿಡಲೂ ಆಗದು.

ಮನೆಗೆ ಬಂದವನೇ ಕೈಕಾಲು ತೊಳೆದು, ಅಮ್ಮನ ಲೋಟದಲ್ಲಿ ನೀರು ತಂದು ಅವರ ಮುಂದೆ ಕೂತ.

"ಕುಡಿ ಅಮ್ಮ. ಪಾಪ ಇದ್ರೆ ನನಗೆ ಬರ್ಲಿ. ಸುಳ್ಳು ಹೇಳಿದೋನು ನಾನು, ಬಾಯಾರಿ ಸಾಯೋದು ನೀನಾ?"

"ವಯಸ್ಸಾದೋರಿಗೆ, ಕಾಯಿಲೆ ಇದ್ದೋರಿಗೆ ಬಿಡುವಿದೆ ಅಂತ ನಮ್ಮತ್ತೆಗೆ ನಾನೇ ಹೇಳಿದ್ದೆ ಕಣೋ," ಎಂದರು ಜಾನಕಮ್ಮ. "ನನ್ನ ಪಾಳಿ ಬಂದಾಗ ಮನಸ್ಸು ಒಪ್ಪಲ್ಲ ನೋಡು."

ದೇವರ ಮನೆಯ ಕಡೆ ಒಮ್ಮೆ ಕೈ ಮುಗಿದು, ಗೋಡೆಯ ಕಡೆ ತಿರುಗಿ ಕುಡಿದರು. ಲೋಟ ಖಾಲಿಯಾಯಿತು. ಇನ್ನೊಂದು ಲೋಟ ತಂದ, ಅದೂ ಖಾಲಿಯಾಯಿತು. ಅಷ್ಟು ಬಾಯಾರಿಕೆ ಇಟ್ಟುಕೊಂಡು ಅಮ್ಮ ತನ್ನ ಮಾತು ಉಳಿಸಿದರಲ್ಲ ಎಂದು ಶ್ರೀಹರಿಯ ಕಣ್ಣು ತುಂಬಿತು. ಅವನು ಎದ್ದು ಹಿತ್ತಲಿಗೆ ಹೋದ.

ಮಧ್ಯಾಹ್ನ ಹೇಮಶ್ರೀಯವರ ಫೋನು ಬಂತು. ಅಂದುಕೊಂಡ ಹಾಗೇ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಈಗಲೇ ನೋಡಿಕೊಂಡರೆ ಚೇತರಿಸಿಕೊಳ್ಳುವಷ್ಟು ಪೆಟ್ಟು. ಇವತ್ತು ಚಕ್ರಪಾಣಿಯವರ ಅಳತೆಯಲ್ಲಿ ಔಷಧಿ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಅವರು ಹೇಳಲಿಲ್ಲ, ಶ್ರೀಹರಿಯೂ ಕೇಳಲಿಲ್ಲ.

ಇಷ್ಟಾದ ಮೇಲೆ ಮನುಷ್ಯನಿಗೆ ಬುದ್ಧಿ ಬಂದಿರಬೇಕು ಅಂದುಕೊಳ್ಳುತ್ತೀರಿ. ನಾಚಿಕೆ ಅಷ್ಟು ಸುಲಭದ ಗಿರಾಕಿಯಲ್ಲ. ಸಂಜೆ ಚಕ್ರಪಾಣಿಯವರು ಬಾಗಿಲಲ್ಲಿ ನಿಂತು, "ಏನಾಯ್ತು ಹರಿ, ಸ್ಕ್ಯಾನ್ ಆಯ್ತಾ?" ಎಂದು ಕೇಳಿದಾಗ ಶ್ರೀಹರಿಯ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು.

"ಇಲ್ಲ ಸಾರ್. ಅವರ ಮಷೀನ್ ಕೆಟ್ಟಿತ್ತು."

"ಅಯ್ಯೋ, ಅದಕ್ಕೇನಂತೆ! ಕಾಟನ್‌ಪೇಟೆ ಹತ್ತಿರ ನಮ್ಮ ಪರಿಚಯದವರದ್ದೇ ಒಂದು ಸೆಂಟರ್ ಇದೆ. ಒಂದು ಪ್ರಶ್ನೆ ಕೇಳಲ್ಲ. ಹೋದ್ರೆ ಮಲಗಿಸ್ತಾರೆ, ತೆಗೀತಾರೆ, ಕಳಿಸ್ತಾರೆ. ನಾಳೆ ಬೆಳಿಗ್ಗೆ ಪಾರಣೆ ಮುಗೀತಿದ್ದ ಹಾಗೆ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಆರಾಧನಾ, ಅತ್ತೇನ ರೆಡಿ ಮಾಡಮ್ಮ."

ಒಳಗಿನ ಕೋಣೆಯಲ್ಲಿ ಜಾನಕಮ್ಮ ಕೆಮ್ಮಿದರು. ಅವರಿಗೆ ಎಲ್ಲ ಕೇಳಿಸಿತ್ತು. ಈಗಲೂ ಅವರು ಏನೂ ಹೇಳುವುದಿಲ್ಲ, ಮಗ ಹೇಳಿದ್ದೇ ಸರಿ ಎಂದು ನಾಳೆ ಕಾರು ಹತ್ತಿಬಿಡುತ್ತಾರೆ ಎಂದು ಶ್ರೀಹರಿಗೆ ಗೊತ್ತಿತ್ತು. ತನ್ನ ಮುಖ ಉಳಿಸಿಕೊಳ್ಳಲು ಅಮ್ಮನ ಜೀವ ಅಡವಿಡುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಬೇಡ ಸಾರ್. ಮಷೀನ್ ಕೆಟ್ಟಿರ್ಲಿಲ್ಲ," ಎಂದ. "ಕೆಟ್ಟಿದ್ದು ನನ್ನ ಬುದ್ಧಿ." ತೂಕದ ವಿಷಯ, ಮಾತ್ರೆಯ ವಿಷಯ, ನೀರಿನ ವಿಷಯ, ಎಲ್ಲ ಹೇಳಿದ. ಅಮ್ಮನನ್ನು ಗುರುತು ಹಿಡಿಯಲಿಲ್ಲ ಅನ್ನುವುದನ್ನು ಹೇಳುವಾಗ ಮಾತು ನಿಂತು ನಿಂತು ಬಂತು.

ಆರಾಧನಾ ಬಾಗಿಲಿಗೆ ಒರಗಿ ನಿಂತಿದ್ದಳು. "ನನಗೂ ಗೊತ್ತಾಗ್ಲಿಲ್ಲ," ಎಂದಳು ಮೆಲ್ಲಗೆ. "ಅತ್ತೆ ರವಿಕೆಗಳನ್ನ ಬಿಗಿ ಮಾಡಿಸ್ಕೊಂಡು ಬಾ ಅಂತ ನನ್ನ ಕೈಲೇ ಕೊಟ್ಟಿದ್ರು. ಯಾಕೆ ಅಂತ ಒಂದು ಮಾತು ಕೇಳ್ಲಿಲ್ಲ ನಾನು."

ಚಕ್ರಪಾಣಿಯವರು ಕುರ್ಚಿ ಎಳೆದುಕೊಂಡು ಕೂತರು. ಸೋಲೊಪ್ಪುವ ಜಾಯಮಾನದವರಲ್ಲ ಅವರು. "ಇದೆಲ್ಲ ಡಾಕ್ಟರುಗಳು ಹೆದರಿಸೋದು ಕಣೋ. ನನಗೆ ಏನಾಯ್ತು ಹೇಳು? ಗುಂಡುಕಲ್ಲಿನ ಹಾಗಿದೀನಿ."

"ನಿಮಗೆ ಹಾಕೋ ಮುಂಚೆ ಏನೂ ಕೇಳ್ಲಿಲ್ವಾ ಸಾರ್?"

"ಕೇಳಿದ್ರಪ್ಪ. ತೂಕ ನೋಡಿದ್ರು. ರಕ್ತ ತಗೊಂಡ್ರು. ಶುಗರ್ ಮಾತ್ರೆ ಯಾವುದು ಅಂತ ಕೇಳಿ, ಅದರ ಬಗ್ಗೆ ನಮ್ಮ ಡಾಕ್ಟರಿಗೆ ಫೋನ್ ಮಾಡಿದ್ರು. ಹಿಂದೆ ಎಷ್ಟು ಸ್ಕ್ಯಾನ್ ಆಗಿದೆ, ಇಂಜೆಕ್ಷನ್‌ಗೆ ಮೈ ತುರಿಕೆ ಬಂದಿತ್ತಾ, ಉಬ್ಬಸ ಇದೆಯಾ ಅಂತೆಲ್ಲ..." ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. "ಓ! ಅದನ್ನೆಲ್ಲ ನೋಡ್ಕೊಂಡೇ ಹಾಕಿದ್ರಾ ನನಗೆ?"

"ಹೌದು ಸಾರ್. ಅದು ನಿಮ್ಮ ಡೋಸು. ಅಮ್ಮಂಗೆ ಅದು ವಿಷ ಆಗ್ತಿತ್ತೇನೋ."

"ನಾನೇ ಅಲ್ವೇನೋ ಕಮ್ಮಿ ಹಾಕೋಕೆ ಬಿಡಬೇಡ ಅಂದೋನು," ಎಂದು ಚಕ್ರಪಾಣಿಯವರು ಬೋಳುತಲೆ ಸವರಿಕೊಂಡರು. ಅವರ ಮುಖವೂ ಸಣ್ಣಗಾಯಿತು. ಹೋಗುವಾಗ ಒಳಗೆ ಇಣುಕಿ, "ಜಾನಕಮ್ಮನೋರೇ, ತಪ್ಪಾಯ್ತು" ಎಂದು ಕೈ ಮುಗಿದರು.

ಆಮೇಲಿನ ದಿನಗಳಲ್ಲಿ ಜಾನಕಮ್ಮ ಮೊದಲ ಸಲ ಎಲ್ಲರ ಜೊತೆ ಕೂತು ಉಂಡರು. ಉಂಡರು ಅನ್ನುವುದಕ್ಕಿಂತ ಕೂತರು ಅನ್ನಬೇಕು. ನಾಲ್ಕು ತುತ್ತಿಗೇ ಕೈ ನಿಲ್ಲುತ್ತಿತ್ತು.

"ಯಾಕಮ್ಮ ಇಷ್ಟು ದಿನ ಹೇಳ್ಲಿಲ್ಲ?" ಎಂದು ಶ್ರೀಹರಿ ಕೇಳಿದ. ಕೇಳಿ ಸುಮ್ಮನಿದ್ದ. ಉತ್ತರಕ್ಕೆ ಕಾಯುವುದು ಅವನಿಗೆ ಕಷ್ಟವೇ ಆಯಿತು.

"ತಿಂದ್ರೆ ನೋವು ಬರುತ್ತೆ ಅನ್ನೋ ಭಯಕ್ಕೆ ತಿನ್ನೋದು ಬಿಟ್ಟೆ ಕಣೋ," ಎಂದರು ಜಾನಕಮ್ಮ ತುಂಬ ಹೊತ್ತಿನ ಮೇಲೆ. "ಅಡುಗೆ ಮಾಡಿ ಹಾಕೋ ಹೆಂಗಸು ತನಗೇ ತಿನ್ನೋಕಾಗಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು."

ಮನೆ ಡಾಕ್ಟರು ನೋವಿನ ಮಾತ್ರೆ ನಿಲ್ಲಿಸಿ, ಮಂಡಿಗೆ ಬೇರೆ ದಾರಿ ಹೇಳಿದರು. ನೀರು ಎಷ್ಟು ಕುಡಿಯಬೇಕೆಂದೂ ಅವರೇ ಹೇಳಿದರು. ರಕ್ತ ಮತ್ತೆ ನೋಡಿದಾಗ ಕಿಡ್ನಿ ಸುಧಾರಿಸಿತ್ತು. ಹೇಮಶ್ರೀ ಬರಹೇಳಿದರು.

ಈ ಸಲ ಮುತ್ತುರಾಜ್ ತೂಕ ಕೇಳಿದಾಗ ಶ್ರೀಹರಿ ಬಾಯಿ ಮುಚ್ಚಿಕೊಂಡಿದ್ದ. ಜಾನಕಮ್ಮ ತಾವೇ ಮಷೀನ್ ಹತ್ತಿ ನಿಂತರು. ಕುಡಿದ ನೀರು, ಬಿಟ್ಟ ಮಾತ್ರೆ, ಚಿಕ್ಕಂದಿನಲ್ಲಿ ಯಾವುದೋ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದಿದ್ದು, ಎಲ್ಲ ಹೇಳಿದರು. ದದ್ದಿನ ವಿಷಯ ಮಗನಿಗೆ ಗೊತ್ತೇ ಇರಲಿಲ್ಲ. ಅದೂ ಡಾಕ್ಟರಿಗೆ ಬೇಕಾಗಿತ್ತು. ಯಾವ ಇಂಜೆಕ್ಷನ್, ಎಷ್ಟು ಹೊತ್ತು ಇತ್ತು ಎಂದು ಕೇಳಿ ತಿಳಿದುಕೊಂಡು, ಸ್ಕ್ಯಾನ್ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿಕೊಂಡು ನೋಡಿದರು.

ಕಿರಣ ಕಮ್ಮಿ, ಔಷಧಿ ಕಮ್ಮಿ. ಚಿತ್ರ ಮಾತ್ರ ಸ್ಪಷ್ಟ. ಕರುಳಿಗೆ ರಕ್ತ ಒಯ್ಯುವ ನಾಳವೊಂದು ಕಿರಿದಾಗಿತ್ತು. ಉಂಡಾಗ ಕರುಳಿಗೆ ಬೇಕಾದಷ್ಟು ರಕ್ತ ಸಿಗದೆ ನೋವು ಬರುತ್ತಿತ್ತು. ಅದಕ್ಕೆ ಚಿಕಿತ್ಸೆ ಇದೆ, ತಡಮಾಡಿದ್ದರೆ ಕಷ್ಟವಿತ್ತು ಎಂದರು ಹೇಮಶ್ರೀ. ಚಿಕಿತ್ಸೆಯಾಗಿ ಈಗ ಜಾನಕಮ್ಮ ಹೆದರದೆ ಉಣ್ಣುತ್ತಾರೆ. ಮೈಗೆ ಸ್ವಲ್ಪ ಸ್ವಲ್ಪವೇ ಮಾಂಸ ಹತ್ತುತ್ತಿದೆ. ಶ್ರೀಹರಿಯ ನಾಚಿಕೆ ಮಾತ್ರ ಪೂರ್ತಿ ಹೋಗಿಲ್ಲ. ಹೋಗುವುದೂ ಬೇಡ ಎನ್ನುತ್ತಾನೆ ಅವನು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಡಾಕ್ಟರು ಸ್ಕ್ಯಾನ್ ಬೇಕು ಎಂದರೆ ಹೆದರಿ ತಪ್ಪಿಸಿಕೊಳ್ಳಬೇಡಿ. ಆದರೆ ಪಕ್ಕದ ಮನೆಯವರಿಗೆ ಹಾಕಿದಷ್ಟೇ ನಮಗೂ ಹಾಕಿ ಎಂದು ಹಟ ಹಿಡಿಯಲೂ ಬೇಡಿ. ತೂಕ ನೋಡಿಸಿ, ಅಂದಾಜು ಹೇಳಬೇಡಿ. ಕಿಡ್ನಿಯ ರಕ್ತಪರೀಕ್ಷೆ ಹೇಳಿದ್ದರೆ ಮಾಡಿಸಿ. ಶುಗರ್ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧಿ, ಏನು ನುಂಗುತ್ತಿದ್ದರೂ ಹೇಳಿ. ನೀವಾಗಿ ಯಾವುದನ್ನೂ ನಿಲ್ಲಿಸದೆ ಡಾಕ್ಟರನ್ನು ಕೇಳಿ. ಅಲರ್ಜಿ, ಉಬ್ಬಸ, ಥೈರಾಯ್ಡ್, ಹಿಂದೆ ಆದ ಸ್ಕ್ಯಾನುಗಳು, ಹೊಟ್ಟೆಯಲ್ಲಿ ಮಗು ಇರಬಹುದೆಂಬ ಅನುಮಾನ, ಯಾವುದನ್ನೂ ಸಂಕೋಚಪಟ್ಟು ಮುಚ್ಚಿಡಬೇಡಿ. ವ್ರತ ಉಪವಾಸದ ದಿನ ಬಿಟ್ಟು ಬೇರೆ ದಿನ ಕೇಳಿ, ಕೊಡುತ್ತಾರೆ. ಇದು ನಮ್ಮ ಅಳತೆಗೆ ತಕ್ಕ ಡೋಸೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ, ನಿಮ್ಮ ಹಕ್ಕು.

ಮನೆಯ ಹಿರಿಯರನ್ನು ಕರೆದುಕೊಂಡು ಹೋದಾಗ ಪ್ರಶ್ನೆಗೆ ಅವರೇ ಉತ್ತರ ಹೇಳಲಿ, ನೀವು ಪಕ್ಕದಲ್ಲಿರಿ. ಅದಕ್ಕೂ ಮೊದಲು, ಇವತ್ತೇ, ಅವರ ಪಕ್ಕ ಕೂತು ಒಂದು ಸಲ ಕಣ್ತುಂಬ ನೋಡಿ. ನಿಮ್ಮ ಅಮ್ಮ ಹೇಗಿದ್ದಾರೆ ಎಂದು ಬೇರೆಯವರು ನಿಮಗೆ ಹೇಳುವಂತಾಗಬಾರದು.